ಗಾಲಿ ಎಷ್ಟು ಹೊರಗೆ, ನಟ್ಟು ಎಷ್ಟು ಬಿಗಿ

ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಅಷ್ಟು ದೂರ ಹರಿದು ಬರುವ ಹೊತ್ತಿಗೆ ಅದರ ನೀರಿನ ಮೇಲೆ ಮೇಲ್ಭಾಗದವರ ಕಣ್ಣೂ ಬಿದ್ದಿರುತ್ತದೆ, ಪಂಪೂ ಬಿದ್ದಿರುತ್ತದೆ. ಕಾಲುವೆಯ ಕೊನೆ ಭಾಗಕ್ಕೆ ಸೇರುವ ಮಾನ್ವಿ, ಸಿರವಾರ ಸೀಮೆಯಲ್ಲಿ, ಕವಿತಾಳದ ಸುತ್ತಮುತ್ತ, ನೀರು ಬಂದರೆ ಭತ್ತ. ಬಾರದಿದ್ದರೆ ಹತ್ತಿ, ತೊಗರಿ, ಮೆಣಸಿನಕಾಯಿ. ಬೆಳೆ ಬದಲಾದರೆ ಟ್ರ್ಯಾಕ್ಟರಿನ ಗಾಲಿಯ ಲೆಕ್ಕವೂ ಬದಲಾಗುತ್ತದೆ. ಕೆಸರುಗದ್ದೆಗೆ ಕಬ್ಬಿಣದ ಕೇಜ್ ವೀಲ್, ಹತ್ತಿ ಸಾಲಿನ ನಡುವೆ ಎಡೆ ಹೊಡೆಯಲು ಸಾಲಿನ ಅಂತರಕ್ಕೆ ಹೊಂದಿಸಿದ ಟೈರು, ರಾಯಚೂರು ಮಾರುಕಟ್ಟೆಗೆ ಟ್ರೇಲರ್ ಎಳೆಯಲು ಮತ್ತೊಂದು ರೀತಿ. ಕಂಪನಿ ಕೊಟ್ಟ ಗಾಲಿಯನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳದೆ ಹೊರಕ್ಕೆ ಸರಿಸುವುದು, ಒಳಕ್ಕೆ ತರುವುದು, ಉದ್ದನೆಯ ಬೋಲ್ಟ್ ಹಾಕಿ ಇನ್ನೊಂದನ್ನು ಜೋಡಿಸುವುದು ಈ ಸೀಮೆಗೆ ಹೊಸತೇನಲ್ಲ.

ಬೆಂಗಳೂರಿನ ಹವ್ಯಾಸಿ ರೇಸುಗಾರರು ತಮ್ಮ ಕಾರಿಗೆ ಅಲಾಯ್ ವೀಲ್, ವೀಲಿಗೂ ಅದು ಕೂರುವ ಹಬ್ಬಿಗೂ ನಡುವೆ ಇಡುವ ಸ್ಪೇಸರ್, ನಟ್ಟು ಬಿಗಿಯಲು ಹಬ್ಬಿನಿಂದ ಚಾಚಿರುವ ಸ್ಟಡ್ ಆರಿಸುವಾಗ ಹಾಕುವುದೂ ಇದೇ ಲೆಕ್ಕ. ಇಲ್ಲಿ ಅಂಗುಲದಲ್ಲಿ ನಡೆಯುವುದು ಅಲ್ಲಿ ಮಿಲಿಮೀಟರಿನಲ್ಲಿ ನಡೆಯುತ್ತದೆ, ಅಷ್ಟೇ. ತಪ್ಪಿದರೆ ಆಗುವ ಅನಾಹುತ ಮಾತ್ರ ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಆಗುತ್ತದೆ.

ಟ್ರ್ಯಾಕ್ಟರಿನಿಂದಲೇ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಗಾಲಿಯ ಜಾಗ ಬದಲಿಸುವ ವಿದ್ಯೆ ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಎರಡನೇ ಮಹಾಯುದ್ಧದ ಬೆನ್ನಿಗೇ, 1946ರಲ್ಲಿ, ಹ್ಯಾರಿ ಫರ್ಗ್ಯೂಸನ್ ಹೆಸರಿನ ಸಣ್ಣ ಬೂದು ಟ್ರ್ಯಾಕ್ಟರ್ ಇಂಗ್ಲೆಂಡಿನಲ್ಲಿ ತಯಾರಾಗತೊಡಗಿತು. ಅದರ ಹಿಂಗಾಲಿಯ ನಡುವಿನ ಡಿಸ್ಕ್ ಸಪಾಟಾಗಿರಲಿಲ್ಲ, ಪರಾತದಂತೆ ಒಂದು ಬದಿಗೆ ಕುಳಿಬಿದ್ದಿತ್ತು. ಆ ಕುಳಿ ಒಳಮುಖವಾಗಿದ್ದರೆ ಗಾಲಿ ಒಂದು ಜಾಗದಲ್ಲಿ, ತಿರುಗಿಸಿ ಹೊರಮುಖ ಮಾಡಿದರೆ ಇನ್ನೊಂದು ಜಾಗದಲ್ಲಿ. ರಿಮ್ಮನ್ನೂ ಹೀಗೇ ತಿರುಗಿಸಬಹುದಿತ್ತು. ಎರಡನ್ನೂ ಕೂಡಿಸಿ ಆಡಿದರೆ ಎಡ ಬಲ ಗಾಲಿಗಳ ನಡುವಿನ ಅಂತರ 48 ಅಂಗುಲದಿಂದ 76 ಅಂಗುಲದವರೆಗೆ, ನಾಲ್ಕು ನಾಲ್ಕು ಅಂಗುಲದ ಹೆಜ್ಜೆಯಲ್ಲಿ, ಎಂಟು ಬಗೆಯಾಗಿ ಸಿಗುತ್ತಿತ್ತು. ಹೆಚ್ಚುವರಿ ಸಾಮಾನು ಒಂದೂ ಬೇಡ. ಅದೇ ವಂಶದ ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರುಗಳು 1960ರ ದಶಕದಿಂದ ಚೆನ್ನೈನಲ್ಲಿ ತಯಾರಾಗುತ್ತಿವೆ. ಹಿಂಗಾಲಿ ಮಗುಚಿ ಅಂತರ ಬದಲಿಸುವ ಉಪಾಯ ಇಂದಿಗೂ ಬಹುತೇಕ ಎಲ್ಲ ಕಂಪನಿಗಳ ಟ್ರ್ಯಾಕ್ಟರಿನಲ್ಲೂ ಇದೆ.

ಹತ್ತಿಯ ಸಾಲು ಮೂರಡಿಗೊಂದು, ಅಂದರೆ ಸುಮಾರು 90 ಸೆಂಟಿಮೀಟರ್ ಎಂದುಕೊಳ್ಳಿ. ಎರಡು ಸಾಲನ್ನು ಹೊಟ್ಟೆಯಡಿ ಬಿಟ್ಟುಕೊಂಡು ಟ್ರ್ಯಾಕ್ಟರ್ ಸಾಗಬೇಕಾದರೆ ಗಾಲಿಗಳ ಅಂತರ 180 ಸೆಂಟಿಮೀಟರ್ ಆಗಬೇಕು. ಐದು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಗಿಡದ ಬೇರು ಹೋಯಿತು. ಡಿಸ್ಕ್ ಮಗುಚಿದಾಗ ಟೈರಿನ ಹಲ್ಲುಗಳ ದಿಕ್ಕು ಉಲ್ಟಾ ಆಗುತ್ತದಾದ್ದರಿಂದ ಎಡಗಾಲಿಯನ್ನು ಬಲಕ್ಕೂ ಬಲಗಾಲಿಯನ್ನು ಎಡಕ್ಕೂ ಹಾಕಬೇಕೆಂಬುದು ಎಡೆ ಹೊಡೆಯುವ ಚಾಲಕನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕೇಜ್ ವೀಲ್ ಸಂಗತಿ ಬೇರೆ. ಪೂರ್ತಿ ಕೇಜ್ ಆದರೆ ಟೈರು ಕಳಚಿ ಅದರ ಜಾಗದಲ್ಲಿ ಕಬ್ಬಿಣದ ಗಾಲಿ. ಅರ್ಧ ಕೇಜ್ ಆದರೆ ಟೈರಿನ ಹೊರಬದಿಗೆ ಬಿಗಿಯುವ ಪಂಜರ. ಎರೆಭೂಮಿಯ ಕೆಸರಿನಲ್ಲಿ ಟ್ರ್ಯಾಕ್ಟರ್ ಹೂತುಹೋಗದಂತೆ ಭಾರವನ್ನು ಅಗಲಕ್ಕೆ ಹಂಚುವುದು ಅದರ ಕೆಲಸ, ಆ ಕೆಲಸವನ್ನದು ಚೆನ್ನಾಗಿಯೇ ಮಾಡುತ್ತದೆ. ಅದಕ್ಕೆ ಬೆಲೆಯೂ ಇದೆ. 45 ಅಶ್ವಶಕ್ತಿಯ ಟ್ರ್ಯಾಕ್ಟರಿನ ಒಂದೊಂದು ಹಿಂಗಾಲಿಯ ಮೇಲೆ ಅಂದಾಜು 650 ಕಿಲೋ ಭಾರ ಇರುತ್ತದೆ. ಆ ಭಾರ ಊರುವ ಜಾಗ ಹತ್ತು ಸೆಂಟಿಮೀಟರ್ ಹೊರಕ್ಕೆ ಸರಿದರೆ ಆಕ್ಸಲ್ ಅನ್ನು ಬಾಗಿಸುವ ಬಲ ಸುಮಾರು 640 ನ್ಯೂಟನ್ ಮೀಟರಿನಷ್ಟು ಹೆಚ್ಚುತ್ತದೆ. ಬೇರಿಂಗು, ಸೀಲು, ಬೋಲ್ಟುಗಳು ಆ ಸಾಲವನ್ನು ಕಂತಿನಲ್ಲಿ ತೀರಿಸುತ್ತವೆ. ಕೇಜ್ ಕಳಚದೆ ಡಾಂಬರು ರಸ್ತೆಗೆ ಇಳಿದರೆ ರಸ್ತೆಯೂ ಕಿತ್ತುಬರುತ್ತದೆ. ನಾಟಿಯ ಹಂಗಾಮಿನಲ್ಲಿ ಈ ಬಗ್ಗೆ ಜಗಳ, ಎಚ್ಚರಿಕೆ, ದಂಡ ಇದ್ದದ್ದೇ.

ಇನ್ನು ರೇಸಿನ ಕಾರು. ಕರ್ನಾಟಕದ ಹವ್ಯಾಸಿಗಳು ಟ್ರ್ಯಾಕಿನಲ್ಲಿ ಕಾರು ಓಡಿಸಬೇಕೆಂದರೆ ಸಾಮಾನ್ಯವಾಗಿ ತಮಿಳುನಾಡಿನ ದಾರಿ ಹಿಡಿಯುತ್ತಾರೆ. ಒಂದು, ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಯಲ್ಲಿರುವ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ 3.7 ಕಿಲೋಮೀಟರ್ ಸರ್ಕ್ಯೂಟ್. ಇನ್ನೊಂದು, ಕೊಯಮತ್ತೂರಿನ ಚೆಟ್ಟಿಪಾಳ್ಯದಲ್ಲಿ ಎಸ್. ಕರಿವರ್ಧನ್ ಹೆಸರಿನಲ್ಲಿರುವ, 2.1 ಕಿಲೋಮೀಟರಿನ ಕರಿ ಮೋಟಾರ್ ಸ್ಪೀಡ್‌ವೇ. ಇಲ್ಲಿಗೆ ಬರುವುದೆಲ್ಲ ಪೋರ್ಷೆಗಳೇ ಅಲ್ಲ. ಮಾರುತಿ ಸ್ವಿಫ್ಟ್, ಫೋಕ್ಸ್‌ವ್ಯಾಗನ್ ಪೋಲೊ ಇಂಥ ದಿನಬಳಕೆಯ ಗಾಡಿಗಳೂ ಎಂಜಿನ್, ಬ್ರೇಕ್ ತಿದ್ದಿಸಿಕೊಂಡು ಬರುತ್ತವೆ. 2010ರಲ್ಲಿ ಶುರುವಾದ ಪೋಲೊ ಕಪ್ ಇಡೀ ಸರಣಿಯನ್ನೇ ಒಂದು ಸಣ್ಣ ಹ್ಯಾಚ್‌ಬ್ಯಾಕ್ ಮೇಲೆ ನಡೆಸಿತು.

ವೀಲ್ ಆರಿಸುವಾಗ ಅಂಗಡಿಯ ಗೋಡೆಗೆ ತೂಗುಹಾಕಿದ ವಿನ್ಯಾಸ ನೋಡಿ ಮರುಳಾಗುವವರೇ ಹೆಚ್ಚು. ಟ್ರ್ಯಾಕಿಗೆ ಹೋಗುವವರು ಬ್ರೇಕಿನಿಂದ ಶುರು ಮಾಡಬೇಕು. ಡಿಸ್ಕ್ ಎಷ್ಟು ದೊಡ್ಡದು, ಕ್ಯಾಲಿಪರ್ ಎಷ್ಟು ಉಬ್ಬಿದೆ, ಅದರ ಮೇಲೆ ಕೂರಬಹುದಾದ ಅತಿ ಚಿಕ್ಕ ರಿಮ್ ಯಾವುದು ಎಂಬುದು ಮೊದಲ ಪ್ರಶ್ನೆ. ನೋಟಕ್ಕೆ ಇಪ್ಪತ್ತು ಅಂಗುಲದ ವೀಲ್ ಚೆಂದವಿರಬಹುದು. ಹದಿನೆಂಟು ಅಂಗುಲದ್ದು ಹಗುರ, ಅದರ ಟೈರು ಅಗ್ಗ, ಕರ್ಬಿಗೆ ತಾಗಿದಾಗ ರಿಮ್ ಬಾಗುವ ಸಂಭವವೂ ಕಡಿಮೆ.

ಬ್ರೇಕಿಗೂ ರಿಮ್ಮಿಗೂ ಇರುವ ಈ ನಂಟಿಗೆ ಚೆಂದದ ಸಾಕ್ಷಿ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿದೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಅಲ್ಲಿ ನಡೆಯುತ್ತಿತ್ತು. ಗೌರವ್ ಗಿಲ್ 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದದ್ದು ಸ್ಕೋಡಾ ಫಾಬಿಯಾದ ರ‍್ಯಾಲಿ ಕಾರಿನಲ್ಲಿ. ಆ ವರ್ಗದ ಕಾರುಗಳು ಡಾಂಬರಿನ ಮೇಲೆ ಓಡುವಾಗ 18 ಅಂಗುಲದ ವೀಲ್ ಹಾಕಿಕೊಳ್ಳುತ್ತವೆ, ಒಳಗೆ 355 ಮಿಲಿಮೀಟರಿನ ಬ್ರೇಕ್ ಡಿಸ್ಕ್. ಮಣ್ಣಿಗೆ ಇಳಿಯುವಾಗ 15 ಅಂಗುಲದ ವೀಲ್, ಅದರೊಳಗೆ ಕೂರಲೆಂದು ಡಿಸ್ಕನ್ನೂ 300 ಮಿಲಿಮೀಟರಿಗೆ ಇಳಿಸುತ್ತಾರೆ. ಕಲ್ಲು ಬಡಿಯುವ ದಾರಿಯಲ್ಲಿ ದಪ್ಪ ಪಕ್ಕೆಯ ಟೈರು ಬೇಕು, ಅದಕ್ಕಾಗಿ ರಿಮ್ ಚಿಕ್ಕದಾಗಬೇಕು. ಭತ್ತಕ್ಕೊಂದು ಹತ್ತಿಗೊಂದು ಎನ್ನುವ ಕವಿತಾಳದ ರೈತನಿಗೆ ಇದು ವಿಚಿತ್ರವಾಗಿ ಕಾಣಲಾರದು. ಒಂದೇ ವ್ಯತ್ಯಾಸ: ಹಿಡಿತ ಸಾಲದಿದ್ದರೆ ರೈತ ಟೈರಿನೊಳಗೆ ನೂರು ಲೀಟರಿಗೂ ಹೆಚ್ಚು ನೀರು ತುಂಬಿಸಿ ಭಾರ ಹೆಚ್ಚಿಸುತ್ತಾನೆ, ರೇಸಿನವನು ಒಂದೊಂದು ವೀಲಿನಿಂದ ಅರ್ಧ ಕಿಲೋ ಇಳಿಸಲು ಸಾವಿರಾರು ರೂಪಾಯಿ ಸುರಿಯುತ್ತಾನೆ.

ಆ ಅರ್ಧ ಕಿಲೋ ಎಲ್ಲಿ ಇಳಿಯುತ್ತದೆ ಎಂಬುದು ತಯಾರಿಕೆಯ ಬಗೆಯನ್ನು ಅವಲಂಬಿಸಿದೆ. ಕರಗಿಸಿದ ಅಲ್ಯೂಮಿನಿಯಂ ಅನ್ನು ಅಚ್ಚಿಗೆ ಸುರಿದು ಮಾಡಿದ್ದು ಎರಕದ ವೀಲ್. ಅಗ್ಗ, ಆದರೆ ಬಲ ಬರಲು ದಪ್ಪ ಇರಬೇಕು. ಎರಕ ಹೊಯ್ದ ಮೇಲೆ ರಿಮ್ಮಿನ ಭಾಗವನ್ನು ಬಿಸಿಯಲ್ಲೇ ತಿರುಗಿಸಿ ರೋಲರಿನಿಂದ ಒತ್ತಿ ತೆಳುವಾಗಿಸಿದರೆ ಫ್ಲೋ ಫಾರ್ಮ್ಡ್ ವೀಲ್. ಗಟ್ಟಿ ಅಲ್ಯೂಮಿನಿಯಂ ದಿಮ್ಮಿಯನ್ನೇ ಭಾರಿ ಪ್ರೆಸ್‌ನಲ್ಲಿ ಬಡಿದು ಆಕಾರ ಕೊಟ್ಟದ್ದು ಫೋರ್ಜ್ಡ್. ಜೇಬು ತೀರಾ ದೊಡ್ಡದಲ್ಲದ ಟ್ರ್ಯಾಕ್ ಹವ್ಯಾಸಿಗೆ ನಡುವಿನದೇ ಸರಿ. ಯಾವುದೇ ಆಗಲಿ, ವೀಲಿನ ಒಳಮುಖದಲ್ಲಿ ಎಷ್ಟು ಕಿಲೋ ಭಾರಕ್ಕೆ ಮಾಡಿದ್ದೆಂದು ಮೂಡಿಸಿರಬೇಕು, ಜಪಾನಿನ ಜೆಡಬ್ಲ್ಯುಎಲ್ ಅಥವಾ ನಮ್ಮ ಐಎಸ್‌ಐ ಗುರುತಿನಂಥ ಪರೀಕ್ಷೆಯ ಮುದ್ರೆ ಇರಬೇಕು. ನಾಮಾಂಕಿತ ಕಂಪನಿಯ ವಿನ್ಯಾಸವನ್ನು ನಕಲು ಮಾಡಿ, ಭಾರದ ಅಂಕಿಯನ್ನೇ ಮೂಡಿಸದೆ ಮಾರುವ ವೀಲುಗಳಿಗೆ ಟ್ರ್ಯಾಕಿನಲ್ಲಿ ಜಾಗವಿಲ್ಲ.

ಆಮೇಲೆ ಅಳತೆ. ಸ್ವಿಫ್ಟಿಗೆ ನಾಲ್ಕು ಸ್ಟಡ್, ಅವು ಕೂರುವ ವೃತ್ತದ ವ್ಯಾಸ 100 ಮಿಲಿಮೀಟರ್, ನಡುವಿನ ಹಬ್ಬಿನ ವ್ಯಾಸ 54.1. ಪೋಲೊಗೆ ಐದು ಬೋಲ್ಟ್, ವೃತ್ತ ಅದೇ 100, ಹಬ್ 57.1. ಪೋರ್ಷೆಗೆ ಐದು, ವೃತ್ತ 130, ಹಬ್ 71.6. ಅಂಗಡಿಯಲ್ಲಿ ಸಿಗುವ ಹೊರಗಿನ ವೀಲುಗಳ ನಡುತೂತು ಎಲ್ಲ ಕಾರಿಗೂ ಆಗಲೆಂದು ದೊಡ್ಡದಾಗಿರುತ್ತದೆ, 73.1 ಸಾಮಾನ್ಯ. ಉಳಿದ ಸಂದಿಗೆ ಒಂದು ಉಂಗುರ ಕೂರಿಸುತ್ತಾರೆ. ಆ ಉಂಗುರ ಪ್ಲಾಸ್ಟಿಕ್ಕಿನದಾದರೆ ಊರಿನ ಓಡಾಟಕ್ಕೆ ಪರವಾಗಿಲ್ಲ. ಟ್ರ್ಯಾಕಿನಲ್ಲಿ ಬ್ರೇಕಿನ ಕಾವಿಗೆ ಅದು ಮೆತ್ತಗಾಗಿ ಕರಗುತ್ತದೆ, ಅಲ್ಲಿ ಅಲ್ಯೂಮಿನಿಯಂ ಉಂಗುರವೇ ಬೇಕು.

ಹಬ್ಬಿಗೆ ಒತ್ತಿಕೊಳ್ಳುವ ಮುಖದಿಂದ ರಿಮ್ಮಿನ ನಡುಗೆರೆಗೆ ಇರುವ ದೂರವೇ ಆಫ್‌ಸೆಟ್. ಫರ್ಗ್ಯೂಸನ್ ಡಿಸ್ಕ್ ಮಗುಚಿ ಬದಲಿಸುತ್ತಿದ್ದದ್ದು ಇದನ್ನೇ. ಕಾರಿನ ಮೂಲ ವೀಲ್ ಏಳು ಅಂಗುಲ ಅಗಲ, ಆಫ್‌ಸೆಟ್ 45 ಎಂದಿಟ್ಟುಕೊಳ್ಳಿ. ಅದರ ಬದಲು ಎಂಟು ಅಂಗುಲ ಅಗಲದ, ಆಫ್‌ಸೆಟ್ 38ರ ವೀಲ್ ತಂದರೆ ಹೊರ ಅಂಚು ಸುಮಾರು 20 ಮಿಲಿಮೀಟರ್ ಆಚೆ ಬರುತ್ತದೆ, ಒಳ ಅಂಚು 6 ಮಿಲಿಮೀಟರಿನಷ್ಟು ಒಳಗೆ ಹೋಗುತ್ತದೆ. ಒಳಗಡೆ ಷಾಕ್ ಅಬ್ಸಾರ್ಬರಿಗೆ ಮೊದಲೇ 5 ಮಿಲಿಮೀಟರ್ ಸಂದಿ ಇದ್ದಿದ್ದರೆ ಈಗ ಟೈರು ಅದಕ್ಕೆ ಉಜ್ಜುತ್ತದೆ. ಇಲ್ಲಿ 5 ಮಿಲಿಮೀಟರಿನ ಸ್ಪೇಸರಿಗೆ ಅರ್ಥವಿದೆ. ಅದನ್ನಿಟ್ಟರೆ ಒಳ ಅಂಚು ಹೆಚ್ಚುಕಡಿಮೆ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತದೆ. ದೊಡ್ಡ ಕ್ಯಾಲಿಪರಿಗೆ ವೀಲಿನ ಕಡ್ಡಿ ತಾಗುತ್ತಿದ್ದರೂ ಅಷ್ಟೇ, ಮೂರೋ ಐದೋ ಮಿಲಿಮೀಟರ್ ಸಾಕು.

ಹೀಗಿರುವಾಗ ಗಾಡಿ ಅಗಲವಾದರೆ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ ಎಂದು 15 ಮಿಲಿಮೀಟರ್ ಸ್ಪೇಸರ್ ತುರುಕುವವರಿಗೆ ಏನು ಹೇಳುವುದು? ಲೆಕ್ಕ ಹಾಕಿದರೆ ಆಸೆ ಇಳಿಯುತ್ತದೆ. 1,200 ಕಿಲೋ ತೂಗುವ ಕಾರು, ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲೆ, ಎಡ ಬಲ ಗಾಲಿಗಳ ಅಂತರ ಒಂದೂವರೆ ಮೀಟರ್. ಗುರುತ್ವದಷ್ಟೇ ಬಲದಲ್ಲಿ ತಿರುವು ತೆಗೆದುಕೊಂಡರೆ ಒಳಗಾಲಿಗಳಿಂದ ಹೊರಗಾಲಿಗಳಿಗೆ 400 ಕಿಲೋ ಭಾರ ಸರಿಯುತ್ತದೆ. ಎರಡೂ ಬದಿಗೆ 15 ಮಿಲಿಮೀಟರ್ ಸ್ಪೇಸರ್ ಹಾಕಿದ ಮೇಲೆ ಸರಿಯುವ ಭಾರ 392 ಕಿಲೋ. ಲಾಭ ಎಂಟು ಕಿಲೋ! ಇದಕ್ಕೆ ಪ್ರತಿಯಾಗಿ ಬೇರಿಂಗಿನ ಮೇಲೆ ಭಾರ ಹೊರಕ್ಕೆ ಬೀಳುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ಒಂದು ಬದಿಯ ಗಾಲಿ ಗುಂಡಿಗೋ ಕರ್ಬಿಗೋ ಬಿದ್ದಾಗ ಕೈಗೆ ಬಡಿಯುವ ಜಗ್ಗು ಹೆಚ್ಚುತ್ತದೆ. ಒಳ್ಳೆಯ ಟೈರೊಂದು ಕೊಡುವ ಹಿಡಿತದ ಮುಂದೆ ಈ ಎಂಟು ಕಿಲೋ ಲೆಕ್ಕಕ್ಕಿಲ್ಲ. ಸರಿಯಾದ ಆಫ್‌ಸೆಟ್ಟಿನ ವೀಲನ್ನೇ ಹುಡುಕಿ ತರಬೇಕು. ಹೊಂದಿಸಲು ಬೇರೆ ದಾರಿಯೇ ಇಲ್ಲದಾಗ ಸ್ಪೇಸರ್, ಅದೂ ಆದಷ್ಟು ತೆಳು.

ತೆಳು ಸ್ಪೇಸರಿನದೂ ಒಂದು ತಕರಾರಿದೆ. ಹಬ್ಬಿನ ನಡುವೆ ಚಾಚಿಕೊಂಡಿರುವ ತುಟಿ ಕೆಲವೇ ಮಿಲಿಮೀಟರ್ ಉದ್ದ. ಬರೀ ಬಿಲ್ಲೆಯಂಥ ಸ್ಪೇಸರ್ ಅದನ್ನು ನುಂಗಿಬಿಟ್ಟರೆ ವೀಲ್ ನಡುಮಧ್ಯಕ್ಕೆ ಕೂರಲು ಆಸರೆ ಉಳಿಯುವುದಿಲ್ಲ, ಗಾಡಿ ನಡುಗತೊಡಗುತ್ತದೆ. ಸ್ಪೇಸರಿಗೆ ತನ್ನದೇ ತುಟಿ ಇರಬೇಕು. 20 ಮಿಲಿಮೀಟರ್ ದಾಟಿದ ದಪ್ಪನೆಯವು ಮೊದಲು ಹಬ್ಬಿಗೆ ತಾವು ಬಿಗಿದುಕೊಂಡು, ತಮ್ಮದೇ ಸ್ಟಡ್‌ಗಳಿಗೆ ವೀಲನ್ನು ಬಿಗಿಸಿಕೊಳ್ಳುತ್ತವೆ. ಅಂದರೆ ಕೀಲು ಒಂದಿದ್ದದ್ದು ಎರಡಾಯಿತು. ವೀಲ್ ಕಳಚದೆ ಒಳಗಿನ ನಟ್ಟುಗಳನ್ನು ನೋಡಲೂ ಆಗುವುದಿಲ್ಲ.

ನಟ್ಟಿನ ವಿಷಯವೇ ಈ ಇಡೀ ವ್ಯವಹಾರದ ಪ್ರಾಣ. ಗಾಡಿಯ ಭಾರವನ್ನು ಸ್ಟಡ್‌ಗಳು ಹೊತ್ತಿವೆ, ವೀಲ್ ಅವುಗಳ ಮೇಲೆ ತೂಗಿಬಿದ್ದಿದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸ್ಟಡ್ ಮಾಡುವುದು ವೀಲನ್ನು ಹಬ್ಬಿನ ಮುಖಕ್ಕೆ ಒತ್ತಿ ಹಿಡಿಯುವ ಕೆಲಸವೊಂದನ್ನೇ. ಭಾರ, ಬ್ರೇಕು, ತಿರುವಿನ ತಳ್ಳು ಎಲ್ಲವನ್ನೂ ತಡೆಯುವುದು ಆ ಎರಡು ಮುಖಗಳ ನಡುವಿನ ಘರ್ಷಣೆ. 12 ಮಿಲಿಮೀಟರಿನ ಸ್ಟಡ್ಡಿಗೆ ನಟ್ಟನ್ನು 100 ನ್ಯೂಟನ್ ಮೀಟರಿಗೆ ಬಿಗಿದರೆ ಸ್ಟಡ್ ಸುಮಾರು 42 ಕಿಲೋನ್ಯೂಟನ್ ಬಲದಿಂದ, ಅಂದರೆ ನಾಲ್ಕು ಟನ್ನಿಗೂ ಮಿಗಿಲಾಗಿ, ವೀಲನ್ನು ಎಳೆದು ಹಿಡಿಯುತ್ತದೆ. ನಾಲ್ಕು ಸ್ಟಡ್ ಸೇರಿ ಹದಿನೇಳು ಟನ್. ಘರ್ಷಣೆಯ ಪಾಲು ಅದರಲ್ಲಿ ಶೇ 15 ಎಂದರೂ ಎರಡೂವರೆ ಟನ್ ತಡೆಯುವ ಹಿಡಿತ ಸಿಕ್ಕಿತು. ಒಂದು ಗಾಲಿಯ ಮೇಲೆ ಮುನ್ನೂರು ಕಿಲೋ ಇರುವ ಸಣ್ಣ ಕಾರಿಗೆ ಇದು ಧಾರಾಳ.

ಈ ಒತ್ತು ಇರುವಷ್ಟು ಕಾಲ ಸ್ಟಡ್ಡಿಗೆ ಏನೂ ಆಗುವುದಿಲ್ಲ. ನಟ್ಟು ಸಡಿಲಾಯಿತೋ, ವೀಲ್ ಹಬ್ಬಿನ ಮೇಲೆ ಕೂದಲೆಳೆಯಷ್ಟು ಜಾರತೊಡಗುತ್ತದೆ, ಪ್ರತಿ ಸುತ್ತಿಗೂ ಸ್ಟಡ್ ಆಚೆ ಈಚೆ ಬಾಗುತ್ತದೆ, ಕೆಲವೇ ಗಂಟೆಗಳಲ್ಲಿ ಆಯಾಸಗೊಂಡು ತುಂಡಾಗುತ್ತದೆ. ಟ್ರ್ಯಾಕ್ಟರಿನ ಹಿಂಗಾಲಿಯ ಬೋಲ್ಟ್ ತೂತುಗಳು ಉದ್ದುದ್ದಕ್ಕೆ ಸವೆದು, ವೆಲ್ಡಿಂಗ್ ಅಂಗಡಿಯಲ್ಲಿ ಅವನ್ನು ತುಂಬಿಸಿ ಮತ್ತೆ ಕೊರೆಸುವ ಪ್ರಸಂಗ ಬರುವುದೂ ಇದೇ ಕಾರಣಕ್ಕೆ. ಕಡಿದ ಸ್ಟಡ್ ನೋಡಿ ಮಾಲು ಕಳಪೆ ಎಂದು ಬೈಯುವ ಮೊದಲು ಬಿಗಿ ಹೇಗಿತ್ತೆಂದು ಕೇಳಬೇಕು.

ಬಿಗಿ ಕಳೆದುಹೋಗಲು ದಾರಿಗಳು ಹಲವು. ಹಬ್ಬಿನ ಮುಖದ ತುಕ್ಕು, ಸ್ಪೇಸರಿಗೆ ಅಂದಕ್ಕೆ ಬಳಿದ ದಪ್ಪ ಬಣ್ಣ, ಎರಡರ ನಡುವೆ ಸಿಕ್ಕಿದ ಮರಳಿನ ಕಣ ಇವೆಲ್ಲ ಒತ್ತಿಗೆ ನಿಧಾನವಾಗಿ ಕುಗ್ಗುತ್ತವೆ, ನಟ್ಟು ತಿರುಗದೆಯೇ ಬಿಗಿ ಇಳಿದುಬಿಡುತ್ತದೆ. ಸ್ಟಡ್ಡಿನ ಎಳೆಗೆ (ಥ್ರೆಡ್ಡಿಗೆ) ಎಣ್ಣೆ ಹಚ್ಚಿದರೆ ಪಾನಾದ ಮೇಲೆ ಅದೇ ಅಂಕಿ ಕಂಡರೂ ಎಳೆತ ಮೂರನೇ ಒಂದರಷ್ಟು ಹೆಚ್ಚಿ ಸ್ಟಡ್ ಜಗ್ಗುತ್ತದೆ. ನಟ್ಟಿನ ಬುಡದ ಆಕಾರವೂ ನೋಡಬೇಕಾದದ್ದೇ: ಹೋಂಡಾ, ಫೋಕ್ಸ್‌ವ್ಯಾಗನ್, ಪೋರ್ಷೆಗಳ ಮೂಲ ನಟ್ಟು ಬೋಲ್ಟುಗಳ ಬುಡ ಗೋಲಿಯಂತೆ ಗುಂಡಗೆ, ಹೊರಗಿನ ವೀಲುಗಳಲ್ಲಿ ಹೆಚ್ಚಿನವು ಶಂಕುವಿನಾಕಾರದ ಬುಡ ಕೇಳುತ್ತವೆ. ಒಂದನ್ನು ಇನ್ನೊಂದರಲ್ಲಿ ಕೂರಿಸಿದರೆ ತಾಗುವುದು ತೆಳ್ಳನೆಯ ಒಂದು ಗೆರೆ ಮಾತ್ರ. ಕೈಗೆ ಬಿಗಿಯಾದಂತೆ ಅನಿಸುತ್ತದೆ, ನಾಲ್ಕು ತಿರುವಿಗೆ ಸಡಿಲಾಗುತ್ತದೆ.

ಸ್ಪೇಸರ್ ಹಾಕಿದಷ್ಟೂ ಸ್ಟಡ್ ಮೋಟಾಗುತ್ತದೆ. ನಟ್ಟಿನೊಳಗೆ ಕನಿಷ್ಠ ಸ್ಟಡ್ಡಿನ ದಪ್ಪದಷ್ಟಾದರೂ ಎಳೆ ಕಚ್ಚಿರಬೇಕು. 1.25 ಮಿಲಿಮೀಟರ್ ಎಳೆಯ 12 ಮಿಲಿಮೀಟರ್ ಸ್ಟಡ್ಡಿಗೆ ಹತ್ತು ಸುತ್ತು, 1.5ರ ಎಳೆಗೆ ಎಂಟು ಸುತ್ತು. ವೀಲ್ ಕೂರಿಸಿ ಕೈಯಿಂದಲೇ ನಟ್ಟು ತಿರುಗಿಸಿ ಎಣಿಸಿದರೆ ಗೊತ್ತಾಗುತ್ತದೆ. ಕಡಿಮೆ ಬಂದರೆ ಉದ್ದನೆಯ ಸ್ಟಡ್ ಹಾಕಿಸಲೇಬೇಕು, 10.9 ಎಂಬ ಬಲದ ಗುರುತು ಇರುವಂಥದ್ದು. ರೇಸಿನವರು ಮುಚ್ಚಳದಂಥ ನಟ್ಟು ಬಿಟ್ಟು ಬಾಯಿ ತೆರೆದ ನಟ್ಟು ಬಳಸುವುದು ಇದಕ್ಕೇ, ಸ್ಟಡ್ಡಿನ ತುದಿ ಆಚೆ ಇಣುಕಿದ್ದು ತಪಾಸಣೆ ಮಾಡುವವರ ಕಣ್ಣಿಗೆ ಬೀಳಬೇಕು. ಪೋಲೊದಂಥ ಕಾರುಗಳಲ್ಲಿ ಸ್ಟಡ್ ಇರುವುದಿಲ್ಲ, ಬೋಲ್ಟನ್ನೇ ಹಬ್ಬಿನೊಳಗೆ ತಿರುಗಿಸಬೇಕು. ಪದೇ ಪದೇ ವೀಲ್ ಬದಲಿಸುವ ಟ್ರ್ಯಾಕ್ ಕಾರಿನಲ್ಲಿ ಹಬ್ಬಿನ ಎಳೆಯೇ ಸವೆಯುವುದರಿಂದ ಅದನ್ನು ಸ್ಟಡ್ಡಿಗೆ ಪರಿವರ್ತಿಸಿಕೊಳ್ಳುವುದುಂಟು. ಬೋಲ್ಟನ್ನೇ ಇಟ್ಟುಕೊಂಡರೆ 10 ಮಿಲಿಮೀಟರ್ ಸ್ಪೇಸರಿಗೆ ಮೂಲದ್ದಕ್ಕಿಂತ 10 ಮಿಲಿಮೀಟರ್ ಹೆಚ್ಚು ಉದ್ದದ್ದು ಬೇಕು. ಅದಕ್ಕಿಂತ ಉದ್ದವಾದರೆ ಹಬ್ಬಿನ ಹಿಂದಿರುವ ಬ್ರೇಕಿನ ಭಾಗಗಳಿಗೋ ಎಬಿಎಸ್ ಸೆನ್ಸಾರಿಗೋ ಹೋಗಿ ತಾಗುತ್ತದೆ.

ಅತಿ ಬಿಗಿಯೂ ಬೇಡ, ಗನ್ನಿನ ಅವಸರವೂ ಬೇಡ. 2021ರ ಮೊನಾಕೊ ಗ್ರ್ಯಾನ್ ಪ್ರೀಯಲ್ಲಿ ಮರ್ಸಿಡಿಸ್ ತಂಡದ ವಾಲ್ಟೇರಿ ಬೊಟ್ಟಾಸ್ ಎರಡನೇ ಸ್ಥಾನದಲ್ಲಿದ್ದಾಗ ಟೈರು ಬದಲಿಸಲು ಪಿಟ್‌ಗೆ ಬಂದರು. ಮುಂದಿನ ಬಲಗಾಲಿಯ ಒಂಟಿ ನಟ್ಟಿನ ಮೇಲೆ ಅದನ್ನು ಬಿಚ್ಚುವ ಗನ್ ಸರಿಯಾಗಿ ಕೂರದೆ ನಟ್ಟು ಕೊರೆದು ಅದರ ಹಲ್ಲುಗಳು ಸವೆದುಹೋದವು. ಗಾಲಿ ಬರಲಿಲ್ಲ, ಓಟ ಅಲ್ಲಿಗೇ ಮುಗಿಯಿತು. ಕಾರನ್ನು ಇಂಗ್ಲೆಂಡಿನ ಬ್ರ್ಯಾಕ್ಲಿ ಕಾರ್ಖಾನೆಗೆ ಒಯ್ದ ಮೇಲೆಯೇ ಆ ವೀಲ್ ಕಳಚಿದ್ದು. ನಮ್ಮ ಟೈರ್ ಅಂಗಡಿಗಳಲ್ಲಿ ಗಾಳಿಯ ಗನ್ ಹಿಡಿದು ಎಲ್ಲ ಗಾಡಿಗೂ ಒಂದೇ ಪಟ್ಟು ಹಾಕುವ ಹುಡುಗರನ್ನು ಕಂಡಾಗ ಆ ನಟ್ಟು ನೆನಪಾಗುತ್ತದೆ. ಗನ್ ಬಿಚ್ಚಲು ಮಾತ್ರ ಇರಲಿ. ಬಿಗಿಯಲು ಟಾರ್ಕ್ ರೆಂಚ್, ಅಂಕಿ ಕಾರಿನ ಕೈಪಿಡಿಯದು.

ಬಿಗಿಯುವ ಹೊತ್ತೂ ಮುಖ್ಯ. ಕಾವಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಇರುಂಗಾಟ್ಟುಕೋಟೈಯ ಬಿಸಿಲಿನಲ್ಲಿ ಹತ್ತು ಸುತ್ತು ಹೊಡೆದು ಬಂದ ಕೂಡಲೇ, ವೀಲ್ ಹಿಗ್ಗಿರುವಾಗಲೇ, ಬಿಗಿದರೆ ತಣಿದ ಮೇಲೆ ವೀಲ್ ಸ್ಟಡ್ಡಿಗಿಂತ ಹೆಚ್ಚು ಕುಗ್ಗಿ ಬಿಗಿ ಇಳಿಯುತ್ತದೆ. ಆದ್ದರಿಂದ ತಣಿಯುವವರೆಗೆ ಕಾದು ಬಿಗಿಯಬೇಕು, ಮುಂದಿನ ಸುತ್ತಿಗೆ ಹೊರಡುವ ಮೊದಲು ಮತ್ತೊಮ್ಮೆ ನೋಡಬೇಕು. ಹೊಸ ವೀಲೋ ಸ್ಪೇಸರೋ ಹಾಕಿಸಿದ ಮೇಲೆ ರಸ್ತೆಯಲ್ಲೂ ಐವತ್ತರಿಂದ ನೂರು ಕಿಲೋಮೀಟರ್ ಆದಾಗ ಒಮ್ಮೆ ಬಿಗಿ ನೋಡಿಸುವುದು ವಾಡಿಕೆ. ಟ್ರ್ಯಾಕ್ ಕಾರಿನ ಸ್ಟಡ್‌ಗಳಂತೂ ಬ್ರೇಕ್ ಪ್ಯಾಡಿನ ಹಾಗೆ ಸವೆದು ತೀರುವ ಸಾಮಾನು. ಎಳೆ ಜಗ್ಗಿದ್ದು ಕಂಡರೆ, ನಟ್ಟು ಕೈಯಲ್ಲಿ ಸಲೀಸಾಗಿ ತಿರುಗದಿದ್ದರೆ, ನಾಲ್ಕೋ ಐದೋ ಇರುವಷ್ಟನ್ನೂ ಒಟ್ಟಿಗೆ ಬದಲಿಸುತ್ತಾರೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕೆ ಹೊಂದದಂತಾಗುವ ಬದಲಾವಣೆ ಮಾಡುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಇಂಥ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ಗೊತ್ತುಮಾಡಿದೆ. ಮಡ್‌ಗಾರ್ಡಿನಿಂದ ಆಚೆ ಚಾಚಿದ ಟೈರು ಆರ್‌ಟಿಒ ಕಣ್ಣಿಗೆ ದೂರದಿಂದಲೇ ಬೀಳುತ್ತದೆ, ಅಪಘಾತವಾದರೆ ವಿಮೆಯವರ ಕಣ್ಣಿಗೂ. ತಿಳಿದವರು ಅದಕ್ಕೇ ಟ್ರ್ಯಾಕಿನ ವೀಲುಗಳನ್ನು ಡಿಕ್ಕಿಯಲ್ಲೋ ಹಿಂದಿನ ಸೀಟಿನಲ್ಲೋ ಹೇರಿಕೊಂಡು, ಕಂಪನಿಯ ವೀಲುಗಳ ಮೇಲೆ ಚೆನ್ನೈಗೆ ಹೋಗುತ್ತಾರೆ. ಪ್ಯಾಡಕ್ಕಿನಲ್ಲಿ ಜಾಕ್ ಏರಿಸಿ, ಹಬ್ಬಿನ ಮುಖ ಒರೆಸಿ, ವೀಲ್ ಬದಲಿಸಿ ಓಡಿಸುತ್ತಾರೆ. ಸಂಜೆ ಕಂಪನಿಯ ವೀಲುಗಳನ್ನೇ ಮತ್ತೆ ಹಾಕಿ, ಟಾರ್ಕ್ ರೆಂಚ್ ಟಕ್ ಅನ್ನುವವರೆಗೆ ಬಿಗಿದು ಹೊಸೂರು ರಸ್ತೆ ಹಿಡಿಯುತ್ತಾರೆ.